ಟವರ್ ನಮ್ಮ ವಿಮಾನವನ್ನು ಏನೆಂದು ಕರೆಯುತ್ತದೆ?

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋ ಕಂಪನಿಯ ಎಟಿಆರ್ ವಿಮಾನ ಬಂದಿಳಿಯಿತು. ಅಲ್ಲಿಂದ ಈಚೆಗೆ ಎರಡೂ ಊರಿನ ಹುಡುಗರಲ್ಲಿ ಫ್ಲೈಟ್ ಸಿಮ್ಯುಲೇಟರ್ ಹುಚ್ಚು ಸ್ವಲ್ಪ ಜಾಸ್ತಿಯಾಗಿದೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಈ ತಂತ್ರಾಂಶವನ್ನು ಆಟ ಎಂದು ಕರೆದರೆ ಆಡುವವರಿಗೆ ಸಿಟ್ಟು ಬರುತ್ತದೆ. ಇರಲಿ. ಅವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: "ವಿಮಾನಕ್ಕೆ ಇಂಡಿಗೋ ಬಣ್ಣ ಹಾಕಿದ್ದೀನಿ, ಹೆಸರೂ ಕಾಣ್ತಾ ಇದೆ. ಆದ್ರೂ ಟವರ್‌ನವನು ಇಂಡಿಗೋ ಅಂತ ಕರೆಯಲ್ವಲ್ಲ, ಯಾಕೆ?"

ಯಾಕೆಂದರೆ ಟವರ್ ಬಣ್ಣ ನೋಡುವುದಿಲ್ಲ, ಫೈಲ್ ಓದುತ್ತದೆ. ಫೈಲಿನಲ್ಲಿ ಹೆಸರು ಸರಿಯಾಗಿ ಬರೆದಿದ್ದರೂ ಅದನ್ನು ಉಚ್ಚರಿಸುವ ಧ್ವನಿ ಅದರ ಬಳಿ ಇರಬೇಕು. ಈ ಎರಡು ಮಾತನ್ನು ಬಿಡಿಸಿ ಹೇಳುವುದು ಈ ಲೇಖನದ ಕೆಲಸ.

ಉದಾಹರಣೆಗೆ ಮೈಕ್ರೋಸಾಫ್ಟ್‌ನ ಎಫ್‌ಎಸ್‌ಎಕ್ಸ್ ಸಿಮ್ಯುಲೇಟರನ್ನೇ ತೆಗೆದುಕೊಳ್ಳುತ್ತೇನೆ. 2006ರಲ್ಲಿ ಬಂದದ್ದು, ಹಳೆಯದು. ಆದರೆ ನಮ್ಮಲ್ಲಿ ಹೆಚ್ಚಿನವರ ಮನೆಯ ಕಂಪ್ಯೂಟರಿನಲ್ಲಿ ಓಡುವುದು ಅದೇ, ಮತ್ತು ಅದರ ಒಳಗು ಬಿಚ್ಚಿ ನೋಡಲು ಸುಲಭ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕದ್ದ ಪ್ರತಿ ಮಾತ್ರ ಬೇಡ. ಇನ್ನೊಬ್ಬರ ಹಕ್ಕಿನ ಮಾತು ಒಂದಾದರೆ, ಅದರ ಜೊತೆ ಬರುವ ವೈರಸ್ ಇನ್ನೊಂದು. ದುಡ್ಡು ಕೊಡಲು ಆಗದವರಿಗೆ ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪೂರ್ತಿ ಉಚಿತವಾಗಿ, ಕಾನೂನುಬದ್ಧವಾಗಿಯೇ ಸಿಗುತ್ತದೆ. ಅದರ ಫೈಲುಗಳ ಹೆಸರು ಬೇರೆ, ತರ್ಕ ಇದೇ.

ಒಂದು ವಿಮಾನ, ಹಲವು ಫೋಲ್ಡರ್

ಎಫ್‌ಎಸ್‌ಎಕ್ಸ್‌ನಲ್ಲಿ ಪ್ರತಿ ವಿಮಾನಕ್ಕೂ ಒಂದು ಫೋಲ್ಡರ್ ಇರುತ್ತದೆ. ತೆರೆದರೆ ಒಳಗೆ ಮಾಡೆಲ್, ಪ್ಯಾನೆಲ್, ಸೌಂಡ್, ಟೆಕ್ಸ್‌ಚರ್ ಎಂಬ ಚಿಕ್ಕ ಫೋಲ್ಡರುಗಳು. ಮಾಡೆಲ್ ಎಂದರೆ ವಿಮಾನದ ಆಕಾರ. ಪ್ಯಾನೆಲ್ ಎಂದರೆ ಚಾಲಕನ ಮುಂದಿನ ಮೀಟರುಗಳು. ಸೌಂಡ್ ಎಂದರೆ ಎಂಜಿನ್ ಸದ್ದು. ಟೆಕ್ಸ್‌ಚರ್ ಎಂದರೆ ಮೈಮೇಲಿನ ಬಣ್ಣ, ಬರಹ. ಇವನ್ನೆಲ್ಲ ಒಟ್ಟಿಗೆ ಕಟ್ಟುವುದು 'ಏರ್‌ಕ್ರಾಫ್ಟ್.ಸಿಎಫ್‌ಜಿ' ಎಂಬ ಫೈಲ್. ಹೆಸರು ಕೇಳಿ ಗಾಬರಿಯಾಗಬೇಡಿ. ಅದು ನೋಟ್‌ಪ್ಯಾಡ್‌ನಲ್ಲಿ ತೆರೆಯುವ ಬರೀ ಅಕ್ಷರಗಳ ಫೈಲ್. ಪ್ರೋಗ್ರಾಮಿಂಗ್ ಬಾರದವರೂ ಓದಬಹುದು. ಅದರಲ್ಲಿನ ಸಾಲುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ. ಇಲ್ಲಿ ಓದಲಿಕ್ಕೆ ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ.

ಫೈಲಿನ ಆರಂಭದಲ್ಲಿ ಚೌಕ ಕಂಸದೊಳಗೆ [ಎಫ್‌ಎಲ್‌ಟಿಸಿಮ್.0] ಎಂದಿರುತ್ತದೆ. ಅದರ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ವಿಷಯ: ಟೈಟಲ್, ಮಾಡೆಲ್, ಪ್ಯಾನೆಲ್, ಸೌಂಡ್, ಟೆಕ್ಸ್‌ಚರ್. ಆಮೇಲೆ ನಮಗೆ ಬೇಕಾದ ಸಾಲುಗಳು: ಎಟಿಸಿ_ಐಡಿ, ಎಟಿಸಿ_ಏರ್‌ಲೈನ್, ಎಟಿಸಿ_ಫ್ಲೈಟ್_ನಂಬರ್, ಎಟಿಸಿ_ಹೆವಿ. ಎಟಿಸಿ ಎಂದರೆ ಏರ್ ಟ್ರಾಫಿಕ್ ಕಂಟ್ರೋಲ್, ಅಂದರೆ ನಾವು ಟವರ್ ಎಂದು ಕರೆಯುವ ವ್ಯವಸ್ಥೆ.

ಹೊಸ ಬಣ್ಣ ಸೇರಿಸುವ ವಿಧಾನ ಹೀಗೆ. ಇಂಟರ್‌ನೆಟ್‌ನಿಂದ ತಂದ ಟೆಕ್ಸ್‌ಚರ್ ಫೋಲ್ಡರಿನ ಹೆಸರು 'ಟೆಕ್ಸ್‌ಚರ್.ಇಂಡಿಗೋ' ಎಂದು ಇಟ್ಟುಕೊಳ್ಳೋಣ. ಅದನ್ನು ವಿಮಾನದ ಫೋಲ್ಡರಿಗೆ ಹಾಕಿ. ನಂತರ ಸಿಎಫ್‌ಜಿ ಫೈಲಿನಲ್ಲಿ [ಎಫ್‌ಎಲ್‌ಟಿಸಿಮ್.0] ಭಾಗವನ್ನು ಪೂರ್ತಿ ನಕಲು ಮಾಡಿ ಕೊನೆಯ ಎಫ್‌ಎಲ್‌ಟಿಸಿಮ್ ಭಾಗದ ಕೆಳಗೆ ಅಂಟಿಸಿ, ಸಂಖ್ಯೆಯನ್ನು ಬದಲಿಸಿ. ಟೆಕ್ಸ್‌ಚರ್ ಸಾಲಿನಲ್ಲಿ ಚುಕ್ಕೆಯ ನಂತರದ 'ಇಂಡಿಗೋ' ಎಂಬ ಪದ ಮಾತ್ರ ಸಾಕು.

ಎಲ್ಲರೂ ಎಡವುವುದು ಇಲ್ಲೇ. ಸಂಖ್ಯೆ 0, 1, 2, 3 ಎಂದು ಸಾಲಾಗಿ ಬರಬೇಕು. 2 ಬಿಟ್ಟು 3 ಎಂದು ಬರೆದರೆ ಸಿಮ್ಯುಲೇಟರ್ 1ಕ್ಕೇ ಎಣಿಕೆ ನಿಲ್ಲಿಸುತ್ತದೆ, ಮುಂದಿನದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಟೈಟಲ್ ಕೂಡ ಪ್ರತಿಯೊಂದಕ್ಕೂ ಬೇರೆ ಬೇರೆ ಇರಬೇಕು. ನಮ್ಮ ತರಗತಿಯಲ್ಲಿ ಇಬ್ಬರು ಆಯೇಷಾ ಇದ್ದರೆ ಹಾಜರಿ ಹಾಕುವಾಗ ಮೇಡಂ ಇನಿಷಿಯಲ್ ಸೇರಿಸಿ ಕರೆಯುತ್ತಾರೆ. ಸಿಮ್ಯುಲೇಟರಿಗೆ ಆ ಜಾಣತನ ಇಲ್ಲ. ಟೈಟಲ್ ಬದಲಿಸದೆ ಬಿಟ್ಟದ್ದಕ್ಕೇ ವಿಮಾನ ಪಟ್ಟಿಯಲ್ಲಿ ಕಾಣುತ್ತಿಲ್ಲ ಎಂದು ಇಡೀ ಸಿಮ್ಯುಲೇಟರನ್ನು ತೆಗೆದು ಮತ್ತೆ ಹಾಕುವವರಿದ್ದಾರೆ.

ಇನ್ನೆರಡು ಸಣ್ಣ ಎಚ್ಚರಿಕೆ. ಮೊದಲು ಮೂಲ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಎರಡನೆಯದು, ವಿಂಡೋಸ್ ತನ್ನ 'ಪ್ರೋಗ್ರಾಂ ಫೈಲ್ಸ್' ಫೋಲ್ಡರಿನಲ್ಲಿ ನೇರವಾಗಿ ಉಳಿಸಲು ಎಲ್ಲರಿಗೂ ಬಿಡುವುದಿಲ್ಲ. ಫೈಲನ್ನು ಡೆಸ್ಕ್‌ಟಾಪ್‌ಗೆ ತಂದು ತಿದ್ದಿ, ಅನುಮತಿ ಕೇಳಿದಾಗ ಒಪ್ಪಿ ವಾಪಸ್ ಹಾಕುವುದು ಸರಳ ದಾರಿ. ಉಳಿಸುವಾಗ ನೋಟ್‌ಪ್ಯಾಡ್ ಸದ್ದಿಲ್ಲದೆ ಹೆಸರಿನ ಬಾಲಕ್ಕೆ '.ಟಿಎಕ್ಸ್‌ಟಿ' ಅಂಟಿಸಿದೆಯೇ ನೋಡಿ. ಅಂಟಿಸಿದ್ದರೆ ಸಿಮ್ಯುಲೇಟರಿಗೆ ಆ ಫೈಲ್ ಕಾಣುವುದಿಲ್ಲ.

ಬರೆಯುವ ಹೆಸರು, ಕರೆಯುವ ಹೆಸರು

ಈಗ ಎಟಿಸಿ_ಏರ್‌ಲೈನ್ ಸಾಲಿಗೆ ಬರೋಣ. ಇಲ್ಲಿ 'ಇಂಡಿಗೋ' ಎಂದು ಬರೆದರೆ ಅರ್ಧ ತಪ್ಪು. ನಿಜವಾದ ರೇಡಿಯೋದಲ್ಲಿ ಆ ಕಂಪನಿಯ ಕರೆ ಹೆಸರು 'ಐಫ್ಲೈ'. ಒಂದೇ ಕಂಪನಿಗೆ ಮೂರು ಗುರುತು: ಟಿಕೆಟಿನ ಮೇಲೆ 6ಇ, ವಿಮಾನ ಸಂಚಾರದ ದಾಖಲೆಗಳಲ್ಲಿ ಐಜಿಓ, ಬಾಯಿಮಾತಿಗೆ ಐಫ್ಲೈ. ಬ್ರಿಟಿಷ್ ಏರ್‌ವೇಸ್ ರೇಡಿಯೋದಲ್ಲಿ 'ಸ್ಪೀಡ್‌ಬರ್ಡ್'. ಸೌದಿಯಾ ಮಾತ್ರ ಅಲ್ಲಿಯೂ 'ಸೌದಿಯಾ'ವೇ. ಹೀಗೆ ಬೇರೆ ಹೆಸರು ಇಡುವುದು ಶೋಕಿಗಲ್ಲ. ಗದ್ದಲದ ರೇಡಿಯೋದಲ್ಲಿ ಒಂದು ಹೆಸರು ಇನ್ನೊಂದರಂತೆ ಕೇಳಿಸಬಾರದು.

ಎಟಿಸಿ_ಐಡಿ ಎಂಬುದು ವಿಮಾನದ ನೋಂದಣಿ ಸಂಖ್ಯೆ, ನಮ್ಮ ಗಾಡಿಗಳಿಗೆ ಕೆಎ 14 ಇದ್ದ ಹಾಗೆ. ಭಾರತದ ನಾಗರಿಕ ವಿಮಾನಗಳದ್ದು 'ವಿಟಿ' ಇಂದ ಶುರುವಾಗಿ ಮುಂದೆ ಮೂರು ಅಕ್ಷರ ಇರುತ್ತದೆ. ಏರ್‌ಲೈನ್ ಸಾಲು ಖಾಲಿ ಇದ್ದರೆ ಅಥವಾ ಅಲ್ಲಿರುವ ಹೆಸರು ಸಿಮ್ಯುಲೇಟರಿಗೆ ಪರಿಚಯವಿಲ್ಲದಿದ್ದರೆ ಅದು ಈ ನೋಂದಣಿ ಅಕ್ಷರಗಳನ್ನೇ ಓದುತ್ತದೆ: 'ವಿಕ್ಟರ್ ಟ್ಯಾಂಗೋ...' ಎಂದು. ನಮ್ಮ ಹುಡುಗರಿಗೆ ಕೇಳಿಸುವುದು ಇದೇ.

ಎಟಿಸಿ_ಹೆವಿ ಸಾಲಿನಲ್ಲಿ 1 ಎಂದು ಹಾಕಿದರೆ ಕರೆಯ ಕೊನೆಗೆ 'ಹೆವಿ' ಎಂಬ ಪದ ಸೇರುತ್ತದೆ. ಇದೇನೋ ದೊಡ್ಡ ಬಿರುದು ಎಂದುಕೊಂಡು ಎಲ್ಲದಕ್ಕೂ 1 ಹಾಕುವವರಿದ್ದಾರೆ. ಅದು ಬಿರುದಲ್ಲ, ಹಿಂದೆ ಬರುವವರಿಗೆ ಎಚ್ಚರಿಕೆ. ಹಾರಲು ಹೊರಟಾಗಿನ ಗರಿಷ್ಠ ತೂಕ 136 ಟನ್ ಅಥವಾ ಹೆಚ್ಚು ಇರುವ ವಿಮಾನದ ರೆಕ್ಕೆಯ ತುದಿಯಿಂದ ಏಳುವ ಗಾಳಿಯ ಸುಳಿ ಹಿಂದಿನ ಸಣ್ಣ ವಿಮಾನವನ್ನು ಮಗುಚಬಲ್ಲದು. ಸೋಗಾನೆಗೆ ಬರುವ ಎಟಿಆರ್ 72 ವಿಮಾನದ ಗರಿಷ್ಠ ತೂಕ ಸುಮಾರು 23 ಟನ್. ಅದಕ್ಕೆ 0 ಸರಿ.

ತೂಕ, ಇಂಧನ, ಎಂಜಿನ್‌ಗೆ ಸಂಬಂಧಿಸಿದ ಸಾಲುಗಳೂ ಇದೇ ಫೈಲಿನ ಕೆಳಭಾಗದಲ್ಲಿವೆ. ಅವನ್ನು ಮುಟ್ಟಿದರೆ ಹೆಸರಲ್ಲ, ಹಾರಾಟವೇ ಬದಲಾಗುತ್ತದೆ. ಭೌತಶಾಸ್ತ್ರದ ದ್ರವ್ಯರಾಶಿ ಕೇಂದ್ರದ ಪಾಠ ಅರ್ಥವಾದ ಮೇಲೆ ಅಲ್ಲಿಗೆ ಕೈ ಹಾಕುವುದು ಒಳ್ಳೆಯದು.

ಧ್ವನಿ ಎಲ್ಲಿಂದ ಬರುತ್ತದೆ

ಶಿವಮೊಗ್ಗ ಟೌನ್ ರೈಲು ನಿಲ್ದಾಣದಲ್ಲಿ ಧ್ವನಿವರ್ಧಕದ ಪ್ರಕಟಣೆಯನ್ನು ಗಮನವಿಟ್ಟು ಕೇಳಿ. ಗಾಡಿ ಸಂಖ್ಯೆಯ ಒಂದೊಂದು ಅಂಕಿ, ಊರಿನ ಹೆಸರು, ಪ್ಲಾಟ್‌ಫಾರಂ ಸಂಖ್ಯೆ ಇವೆಲ್ಲ ಬೇರೆ ಬೇರೆ ಹೊತ್ತಿನಲ್ಲಿ ದಾಖಲಾದ ತುಂಡುಗಳು. ಯಂತ್ರ ಅವನ್ನು ಹೊಲಿದು ವಾಕ್ಯ ಮಾಡುತ್ತದೆ. ಹೊಲಿಗೆ ಕಿವಿಗೆ ಗೊತ್ತಾಗುತ್ತದೆ, ಒಂದು ಪದ ಏರುದನಿ, ಮುಂದಿನದ್ದು ಇಳಿದನಿ. ಎಫ್‌ಎಸ್‌ಎಕ್ಸ್‌ನ ಟವರ್ ಮಾತಾಡುವುದೂ ಹೀಗೇ. ಕಲಾವಿದರು ಸ್ಟುಡಿಯೋದಲ್ಲಿ ಅಂಕಿ, ಅಕ್ಷರ, ಕಂಪನಿ ಹೆಸರು, ಊರಿನ ಹೆಸರು, ಆದೇಶಗಳನ್ನು ಓದಿದ್ದಾರೆ. ಆ ತುಂಡುಗಳೆಲ್ಲ 'ಜಿವಿಪಿ' ಎಂಬ ಬಾಲವಿರುವ ಧ್ವನಿ ಕಟ್ಟಿನ ಫೈಲಿನಲ್ಲಿ ಕೂತಿವೆ. ಸಿಎಫ್‌ಜಿ ಫೈಲಿನಲ್ಲಿ ಏನು ಬೇಕಾದರೂ ಬರೆಯಿರಿ, ಅದಕ್ಕೆ ಹೊಂದುವ ತುಂಡು ಕಟ್ಟಿನಲ್ಲಿ ಇಲ್ಲದಿದ್ದರೆ ಟವರ್ ಅದನ್ನು ಹೇಳಲಾರದು.

ಐಫ್ಲೈ ಯಾಕೆ ಇಲ್ಲ ಎಂಬುದಕ್ಕೆ ಕಾರಣ ಕ್ಯಾಲೆಂಡರ್‌ನಲ್ಲಿದೆ. ಇಂಡಿಗೋ ಹಾರಾಟ ಶುರು ಮಾಡಿದ್ದು 2006ರ ಆಗಸ್ಟ್ 4ರಂದು. ಎಫ್‌ಎಸ್‌ಎಕ್ಸ್ ಮಾರುಕಟ್ಟೆಗೆ ಬಂದದ್ದು ಅದೇ ಅಕ್ಟೋಬರ್‌ನಲ್ಲಿ. ಅಮೆರಿಕದ ಸ್ಟುಡಿಯೋದಲ್ಲಿ ಪಟ್ಟಿ ಓದಿದವರಿಗೆ ಹುಟ್ಟಿ ತಿಂಗಳು ಎರಡಾಗದ ಕಂಪನಿಯ ಹೆಸರು ಎಲ್ಲಿಂದ ಸಿಗಬೇಕು? ಶಿವಮೊಗ್ಗದ ಕಥೆಯೂ ಅಷ್ಟೇ. ಆಗ ನಮ್ಮಲ್ಲಿ ವಿಮಾನ ನಿಲ್ದಾಣ ಇರಲಿಲ್ಲ, ಇಂಗ್ಲಿಷಿನಲ್ಲಿ ಊರಿನ ಹೆಸರೂ 'ಶಿಮೊಗ' ಎಂದೇ ಇತ್ತು. ಶಿವಮೊಗ್ಗ ಎಂದು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಬೆಂಗಳೂರನ್ನೇ ನೋಡಿ: ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಹಾಗಾಗಿ ಎಫ್‌ಎಸ್‌ಎಕ್ಸ್‌ನಲ್ಲಿ ಬೆಂಗಳೂರಿಗೆ ಹೊರಟರೆ ನೀವು ಇಳಿಯುವುದು ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ. ಸಿಮ್ಯುಲೇಟರ್ ಎಂಬುದು ಅದು ತಯಾರಾದ ದಿನದ ಲೋಕ. ನಾವು ಸೇರಿಸಿದರೆ ಮಾತ್ರ ಅದರ ವಯಸ್ಸು ಮುಂದೆ ಸಾಗುತ್ತದೆ.

ಸೇರಿಸುವ ಉಪಾಯವನ್ನು ಹವ್ಯಾಸಿಗಳು ಕಂಡುಹಿಡಿದಿದ್ದಾರೆ. 'ಎಡಿಟ್‌ವಾಯ್ಸ್‌ಪ್ಯಾಕ್' ಎಂಬ ತಂತ್ರಾಂಶ ಆ ಧ್ವನಿ ಕಟ್ಟನ್ನು ಬಿಚ್ಚಿ, ಇರುವ ತುಂಡುಗಳನ್ನೇ ಕತ್ತರಿಸಿ ಜೋಡಿಸಿ ಹೊಸ ಪದ ಮಾಡುತ್ತದೆ. ಈ ಕೆಲಸದ ಸೊಗಸು ನನಗೆ ಬಹಳ ಇಷ್ಟ. ಯೋಚಿಸಿ: ಹೊರಡುವ ವಿಮಾನಕ್ಕೆ ಟವರ್ 'ಫ್ಲೈ ರನ್‌ವೇ ಹೆಡಿಂಗ್' ಎನ್ನುತ್ತದೆ, ಅಂದರೆ ರನ್‌ವೇ ದಿಕ್ಕಿನಲ್ಲೇ ಹಾರು. ಅಲ್ಲಿ 'ಫ್ಲೈ' ಸಿಕ್ಕಿತು. ಇಳಿಯುವ ವಿಮಾನಕ್ಕೆ 'ಐಎಲ್‌ಎಸ್' ಎಂಬ ಉಪಕರಣದ ಹೆಸರು ಹೇಳುತ್ತದೆ. ಅಲ್ಲಿ 'ಐ' ಸಿಕ್ಕಿತು. ಎರಡನ್ನೂ ಹೊಲಿದರೆ 'ಐಫ್ಲೈ'. 'ಶಿವಮೊಗ್ಗ'ಕ್ಕೆ ಕಷ್ಟ ಜಾಸ್ತಿ, ಏಕೆಂದರೆ ನಮ್ಮ ಒತ್ತಕ್ಷರದ 'ಗ್ಗ' ಇಂಗ್ಲಿಷ್ ಬಾಯಲ್ಲಿ ಇಲ್ಲ. ಹತ್ತಿರದ ಸದ್ದಿಗೆ ತೃಪ್ತಿಪಡಬೇಕು. ಒಬ್ಬರ ಧ್ವನಿಯಲ್ಲಿ ಮಾಡಿದರೆ ಮುಗಿಯಲಿಲ್ಲ, ಕಟ್ಟಿನಲ್ಲಿ ಹಲವು ಕಲಾವಿದರ ಧ್ವನಿ ಇರುವುದರಿಂದ ಪ್ರತಿಯೊಬ್ಬರದ್ದಕ್ಕೂ ಮಾಡಬೇಕು. ಒಂದು ಊರಿನ ಹೆಸರಿಗೆ ಒಂದು ಭಾನುವಾರ ಹೋಗುತ್ತದೆ ಎಂದುಕೊಳ್ಳಿ.

ಹೆಸರು ಸೇರಿತೇ ಎಂದು ನೋಡಲು ಸಿಮ್ಯುಲೇಟರಿನಲ್ಲಿ ವಿಮಾನ ಆಯ್ಕೆಯ ಪರದೆಯಲ್ಲಿ 'ಡೀಟೇಲ್ಸ್' ಒತ್ತಿ. ಅಲ್ಲಿ ಬರುವ ಕಂಪನಿಗಳ ಪಟ್ಟಿಯೇ ಟವರಿಗೆ ಗೊತ್ತಿರುವ ಹೆಸರುಗಳ ಪಟ್ಟಿ. ಫೈಲಿನಲ್ಲಿ ಬರೆಯುವ ಹೆಸರು ಅಕ್ಷರ ಅಕ್ಷರವೂ ಇದಕ್ಕೆ ಹೊಂದಬೇಕು.

2020ರಲ್ಲಿ ಬಂದ ಹೊಸ ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಈ ಹೊಲಿಗೆ ಇಲ್ಲ. ಬರೆದದ್ದನ್ನು ಕಂಪ್ಯೂಟರೇ ಇಂಟರ್‌ನೆಟ್ ಮೂಲಕ ಓದಿ ಹೇಳುತ್ತದೆ. ಏನು ಬರೆದರೂ ಹೇಳುತ್ತದೆ, ಸರಿಯಾಗಿ ಹೇಳುತ್ತದೆ ಎಂಬ ಭರವಸೆ ಮಾತ್ರ ಇಲ್ಲ. ನಮ್ಮ ಊರುಗಳ ಹೆಸರನ್ನು ಅದರ ಬಾಯಲ್ಲಿ ಕೇಳಿದರೆ ನಗು ಬರುತ್ತದೆ. ವಿಂಡೋಸ್‌ನಲ್ಲಿ 'ಇಂಗ್ಲಿಷ್ (ಇಂಡಿಯಾ)' ಭಾಷೆ ಸೇರಿಸಿಕೊಂಡರೆ ಹೀರಾ, ರವಿ ಎಂಬ ಎರಡು ಭಾರತೀಯ ಧ್ವನಿಗಳು ಸಿಗುತ್ತವೆ. ವಿಂಡೋಸ್ ಧ್ವನಿಗಳನ್ನು ಬಳಸುವ ಬೇರೆ ಎಟಿಸಿ ತಂತ್ರಾಂಶಗಳಿದ್ದವರು ಪ್ರಯತ್ನಿಸಿ ನೋಡಬಹುದು.

ಯಂತ್ರವೇ ಬೇಡ ಎನ್ನುವವರಿಗೆ ವ್ಯಾಟ್‌ಸಿಮ್ ಇದೆ. ಅಲ್ಲಿ ಟವರಿನಲ್ಲಿ ಕೂತವರು ನಿಜವಾದ ಮನುಷ್ಯರು, ಹವ್ಯಾಸಕ್ಕಾಗಿ ಪುಕ್ಕಟೆ ಕೆಲಸ ಮಾಡುವವರು. ಅಲ್ಲಿ ನಿಮ್ಮ ಸಿಎಫ್‌ಜಿ ಫೈಲಿನ ಏರ್‌ಲೈನ್ ಸಾಲಿಗೆ ಬೆಲೆ ಇಲ್ಲ. ಲಾಗಿನ್ ಆಗುವಾಗ ಐಜಿಓ ಮತ್ತು ಸಂಖ್ಯೆ ಕೊಟ್ಟರೆ ಎದುರಿನವರೇ 'ಐಫ್ಲೈ' ಎಂದು ಕರೆಯುತ್ತಾರೆ. ಎಟಿ76 ಎಂದು ವಿಮಾನದ ಜಾತಿ ಸರಿಯಾಗಿ ಬರೆದರೆ ಬೇರೆಯವರ ಪರದೆಯಲ್ಲೂ ನೀವು ಎಟಿಆರ್ 72-600 ಆಗಿ ಕಾಣುತ್ತೀರಿ.

ಮೈಕ್ ಮುಂದಿನ ಅಂಜಿಕೆ

ಇಷ್ಟರವರೆಗೆ ಬಂದ ಹುಡುಗ ಹುಡುಗಿಯರು ನಿಲ್ಲುವುದು ಇಲ್ಲಿ. ಫೈಲ್ ತಿದ್ದಬಲ್ಲರು, ವಿಮಾನ ಇಳಿಸಬಲ್ಲರು. ಮೈಕ್ ಮುಂದೆ ಮಾತಾಡು ಎಂದರೆ ಬಾಯಿ ಕಟ್ಟುತ್ತದೆ. ನಮ್ಮಲ್ಲಿ ಅನೇಕರು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಹತ್ತನೇ ತರಗತಿವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮ. "ನಮ್ಮ ಇಂಗ್ಲಿಷ್ ಕೇಳಿದ್ರೆ ನಗ್ತಾರೆ" ಎಂಬ ಅಂಜಿಕೆ.

ರೇಡಿಯೋದ ಇಂಗ್ಲಿಷ್ ನಮ್ಮ ಪಠ್ಯಪುಸ್ತಕದ ಇಂಗ್ಲಿಷ್ ಅಲ್ಲ. ಎಫ್‌ಎಸ್‌ಎಕ್ಸ್‌ನ ಧ್ವನಿ ಕಟ್ಟು ತುಂಡುಗಳಿಂದ ಮಾತಾಡಬಲ್ಲದು ಎಂದರೆ ಅರ್ಥವೇನು? ಆ ಭಾಷೆ ಅಷ್ಟು ಚಿಕ್ಕದು, ಅಷ್ಟು ಕಟ್ಟುನಿಟ್ಟಿನದು. ಅಂಕಿ ಹೇಳುವುದಕ್ಕೂ ನಿಯಮ ಇದೆ: 9 ಅನ್ನು 'ನೈನರ್', 5 ಅನ್ನು 'ಫೈಫ್', 3 ಅನ್ನು 'ಟ್ರೀ' ಎನ್ನಬೇಕು. ನೈನ್ ಮತ್ತು ಫೈವ್ ರೇಡಿಯೋದಲ್ಲಿ ಒಂದೇ ಥರ ಕೇಳಿಸುವುದರಿಂದ ಈ ವ್ಯವಸ್ಥೆ. 'ಟೇಕ್ ಆಫ್' ಎಂಬ ಪದವನ್ನು ಹಾರಲು ಅಪ್ಪಣೆ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಬಿಟ್ಟು ಬಳಸುವಂತಿಲ್ಲ. ಉಳಿದ ಕಡೆ 'ಡಿಪಾರ್ಚರ್'. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಮಂದಿ ಸತ್ತ ನಂತರ ಬಂದ ಶಿಸ್ತು ಇದು. ಅಲ್ಲಿ ಮಾತಾಡಿದವರಿಗೆ ಇಂಗ್ಲಿಷ್ ಬರುತ್ತಿತ್ತು, ಮಾತು ಮಾತ್ರ ಅಸ್ಪಷ್ಟವಾಗಿತ್ತು.

ನಮ್ಮ ದೇಶದ ಆಕಾಶದಲ್ಲೂ ಒಂದು ದುರಂತ ಆಗಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ, ದೆಹಲಿಯಿಂದ ಹೊರಟಿದ್ದ ಸೌದಿಯಾ ವಿಮಾನಕ್ಕೂ ದೆಹಲಿಗೆ ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೂ ಡಿಕ್ಕಿಯಾಯಿತು. ಎರಡರಲ್ಲಿದ್ದ 349 ಮಂದಿಯೂ ತೀರಿಕೊಂಡರು. ಕೊಲ್ಲಿಗೆ ದುಡಿಯಲು ಹೊರಟಿದ್ದ ನಮ್ಮ ದೇಶದವರು ಅದರಲ್ಲಿ ಬಹಳ. ಸೌದಿಯಾಗೆ 14,000 ಅಡಿ, ಕಜಾಕ್ ವಿಮಾನಕ್ಕೆ 15,000 ಅಡಿ ಎಂದು ಟವರ್ ಹೇಳಿತ್ತು, ಎದುರಿಗೆ ವಿಮಾನ ಬರುತ್ತಿದೆ ಎಂದೂ ತಿಳಿಸಿತ್ತು. ಕಜಾಕ್ ವಿಮಾನ 15,000ಕ್ಕಿಂತ ಕೆಳಗೆ ಇಳಿಯಿತು. ಅದರಲ್ಲಿ ರೇಡಿಯೋ ಮಾತು ಆಡುತ್ತಿದ್ದವನು ಚಾಲಕನಲ್ಲ, ಪ್ರತ್ಯೇಕ ರೇಡಿಯೋ ಆಪರೇಟರ್. ಟವರಿನ ಮಾತು ಚಾಲಕರಿಗೆ ಅವನ ಮೂಲಕವೇ ತಲುಪಬೇಕಿತ್ತು.

ಇಂಥ ಅಪಘಾತಗಳಿಂದ ಕಲಿತು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಓ, ಚಾಲಕರಿಗೂ ಟವರಿನವರಿಗೂ ಇಂಗ್ಲಿಷ್ ಪರೀಕ್ಷೆಯನ್ನು ತಂದಿತು. 2008ರ ಮಾರ್ಚ್‌ನಿಂದ ಅದು ಜಾರಿಯಲ್ಲಿದೆ. ಆರು ಮಟ್ಟಗಳಲ್ಲಿ ಕನಿಷ್ಠ ನಾಲ್ಕನೆಯದು ಬೇಕು. ನಮಗೆ ಬೇಕಾದ ವಿಷಯ ಆ ನಾಲ್ಕನೇ ಮಟ್ಟದ ವಿವರಣೆಯಲ್ಲಿದೆ: ಉಚ್ಚಾರಣೆಯ ಮೇಲೆ ಮಾತೃಭಾಷೆಯ ಪ್ರಭಾವ ಇರಬಹುದು, ಅರ್ಥವಾಗುವುದಕ್ಕೆ ಅದು ಆಗಾಗ ಮಾತ್ರ ಅಡ್ಡ ಬಂದರೆ ಸಾಕು. ಉರ್ದುವಿನ ಎಳೆ, ಕನ್ನಡದ ಒತ್ತು ಇದ್ದರೆ ಫೇಲ್ ಅಲ್ಲ. ಕೇಳಿದ್ದನ್ನು ತಪ್ಪಾಗಿ ಕೇಳಿಸಿಕೊಂಡು 'ಎಸ್' ಎಂದರೆ ಫೇಲ್.

ಆದ್ದರಿಂದಲೇ ರೇಡಿಯೋದಲ್ಲಿ 'ಓಕೆ' ಎಂದು ಮುಗಿಸುವ ಹಾಗಿಲ್ಲ. ಆದೇಶವನ್ನು ತಿರುಗಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. 'ಐಫ್ಲೈ ಸೆವೆನ್ ಟೂ ಒನ್ ಫೈಫ್, ರನ್‌ವೇ ಝೀರೋ ನೈನರ್ ರೈಟ್, ಕ್ಲಿಯರ್ಡ್ ಟು ಲ್ಯಾಂಡ್' ಎಂದು ಟವರ್ ಹೇಳಿದರೆ ಚಾಲಕ 'ರನ್‌ವೇ ಝೀರೋ ನೈನರ್ ರೈಟ್, ಕ್ಲಿಯರ್ಡ್ ಟು ಲ್ಯಾಂಡ್, ಐಫ್ಲೈ ಸೆವೆನ್ ಟೂ ಒನ್ ಫೈಫ್' ಎನ್ನಬೇಕು. ಖುರಾನ್ ಬಾಯಿಪಾಠ ಮಾಡಿದವರಿಗೆ ಈ ಪದ್ಧತಿ ಹೊಸದಲ್ಲ: ಉಸ್ತಾದರು ಹೇಳುತ್ತಾರೆ, ನಾವು ತಿರುಗಿ ಹೇಳುತ್ತೇವೆ, ಒಂದು ಅಕ್ಷರ ಜಾರಿದರೂ ಅಲ್ಲೇ ತಡೆದು ತಿದ್ದುತ್ತಾರೆ.

ಇನ್ನೊಂದು ವಿಷಯ ಸೈನ್ಸ್‌ನವರಿಗೆ. ಪೈಲಟ್ ತರಬೇತಿಯ ಖರ್ಚು ಕೇಳಿ ಕೈಬಿಟ್ಟವರು ಟವರಿನ ಕೆಲಸವನ್ನು ಯೋಚಿಸುವುದೇ ಇಲ್ಲ. ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ಎಟಿಸಿಗೆ ಜೂನಿಯರ್ ಎಕ್ಸಿಕ್ಯುಟಿವ್‌ಗಳನ್ನು ಸ್ಪರ್ಧಾತ್ಮಕ ಪರೀಕ್ಷೆಯಿಂದ ತೆಗೆದುಕೊಳ್ಳುತ್ತದೆ. ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಪದವಿ ಇದ್ದರೆ ಅರ್ಜಿ ಹಾಕಬಹುದು. ಇಂಗ್ಲಿಷ್ ಪಿಯುಸಿ ಮಟ್ಟದ್ದು ಕೇಳುತ್ತಾರೆ, ಮಾತಿನಲ್ಲೂ ಬರಹದಲ್ಲೂ.

ಅಭ್ಯಾಸಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಿ, ಮುಖ ಕಾಣಬಾರದು. ಒಬ್ಬರು ಟವರ್, ಇನ್ನೊಬ್ಬರು ಐಫ್ಲೈ. ಟವರ್ ಚೀಟಿ ನೋಡಿ ಎತ್ತರ, ದಿಕ್ಕು, ರನ್‌ವೇ ಮೂರನ್ನೂ ಒಂದೇ ಉಸಿರಿಗೆ ಹೇಳಲಿ. ಚಾಲಕ ಬರೆದುಕೊಂಡು ತಿರುಗಿ ಹೇಳಲಿ. ಟವರ್ ನಡುನಡುವೆ ಬೇಕೆಂದೇ ತಪ್ಪು ಕರೆ ಹೆಸರು ಹೇಳಬೇಕು, ಐಫ್ಲೈ 7215ರ ಬದಲು 7251 ಎಂದು. ಆಗ ಚಾಲಕ ಉತ್ತರಿಸದೆ ಸುಮ್ಮನಿದ್ದರೆ ಅವನಿಗೆ ಒಂದು ಅಂಕ.